ತೊಳೆದ ನೆಗೆಟಿವ್, ಬದಲಾದ ನೌಕೆ

ಕಳೆದ ಆಟಿ ತಿಂಗಳಲ್ಲಿ, ಅಂಗಳಕ್ಕೆ ಕಾಲಿಡಲಾಗದಷ್ಟು ಮಳೆ ಹೊಯ್ಯುತ್ತಿದ್ದ ಒಂದು ಭಾನುವಾರ, ಬದಿಯಡ್ಕದ ಸಮೀಪದ ನಮ್ಮ ಮನೆಯ ಚಾವಡಿಯಲ್ಲಿ ಕುಳಿತು ನಾವು ಮೂವರು, ಎಂಟರ್‌ಪ್ರೈಸ್ ಎಂಬ ಬಾಹ್ಯಾಕಾಶ ನೌಕೆಯ ಸಾಹಸಗಳ ಅಮೆರಿಕನ್ ಟಿವಿ ಧಾರಾವಾಹಿ ‘ಸ್ಟಾರ್ ಟ್ರೆಕ್’ನ ಮೂಲ ಸರಣಿಯ ಒಂದೇ ಕಂತನ್ನು ಎರಡು ಸಲ ನೋಡಿದೆವು. 1967ರಲ್ಲಿ ಮೊದಲು ಪ್ರಸಾರವಾದ ‘ದಿ ಡೂಮ್ಸ್‌ಡೇ ಮೆಷಿನ್’ ಎಂಬ ಕಂತು ಅದು. ಗ್ರಹಗಳನ್ನು ಒಡೆದು ನುಂಗುತ್ತ ಬರುವ ದೈತ್ಯ ಯಂತ್ರವೊಂದರ ಕತೆ. ಮೊದಲ ಸಲ ನೋಡಿದ್ದು ಅರುವತ್ತರ ದಶಕದ ಮೂಲ ದೃಶ್ಯಗಳೊಂದಿಗೆ, ಎರಡನೆಯ ಸಲ ನೋಡಿದ್ದು ನಲುವತ್ತು ವರ್ಷಗಳ ಬಳಿಕ ಕಂಪ್ಯೂಟರಿನಲ್ಲಿ ಹೊಸದಾಗಿ ರಚಿಸಿದ ಬಾಹ್ಯಾಕಾಶ ದೃಶ್ಯಗಳೊಂದಿಗೆ. ನನ್ನ ಜೊತೆಗಿದ್ದವರು ದೊಡ್ಡಪ್ಪನ ಮಗನಾದ ಅಣ್ಣ ಮತ್ತು ಅಕ್ಕನ ಮಗ. ಅಣ್ಣ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಫೋಟೊ ಸ್ಟುಡಿಯೊ ನಡೆಸಿದವನು; ಅಳಿಯ ಮಂಗಳೂರಿನಲ್ಲಿ ವೀಡಿಯೊ ಎಡಿಟಿಂಗ್ ಮಾಡುತ್ತಾನೆ. ಎರಡನೆಯ ಸಲದ ನೋಟ ಮುಗಿದಾಗ, ಹಳೆಯ ದೃಶ್ಯಗಳನ್ನು ಹೀಗೆ ಬದಲಿಸುವುದು ಸರಿಯೇ ಎಂದು ಇಬ್ಬರ ನಡುವೆ ಆರಂಭವಾದ ವಾದವು ಊಟದ ಎಲೆಯ ಮುಂದೆಯೂ ನಿಲ್ಲಲಿಲ್ಲ.

ಎಂಬತ್ತರ ದಶಕದ ನಡುವೆ ದೂರದರ್ಶನವು ಈ ಸರಣಿಯನ್ನು ಭಾನುವಾರ ಬೆಳಿಗ್ಗೆ ತೋರಿಸುತ್ತಿದ್ದಾಗ ನಮ್ಮ ನೆರೆಕರೆಯಲ್ಲಿ ಟಿವಿ ಇದ್ದದ್ದು ಒಂದೇ ಮನೆಯಲ್ಲಿ. ಅಡಕೆ ಮರದ ಕಂಬಕ್ಕೆ ಕಟ್ಟಿದ ಆಂಟೆನಾ ಗಾಳಿಗೆ ತಿರುಗಿದರೆ ಹುಡುಗರಲ್ಲೊಬ್ಬ ಅಂಗಳಕ್ಕೆ ಓಡಬೇಕಿತ್ತು. ಒಳಗಿನಿಂದ “ಇನ್ನೂ ಸ್ವಲ್ಪ ಬಡಗು ಬದಿಗೆ” ಎಂಬ ಕೂಗು ಕೇಳುವಷ್ಟರಲ್ಲಿ ಅರ್ಧ ದೃಶ್ಯ ಮುಗಿದಿರುತ್ತಿತ್ತು. ಆ ಕಪ್ಪುಬಿಳುಪು ಪರದೆಯಲ್ಲಿ ಸಾಸಿವೆ ಚೆಲ್ಲಿದ ಹಾಗಿದ್ದ ಚುಕ್ಕೆಗಳ ಪೈಕಿ ನಕ್ಷತ್ರ ಯಾವುದು, ಸಿಗ್ನಲ್ಲಿನ ದೋಷ ಯಾವುದು ಎಂದು ತಿಳಿಯುತ್ತಿರಲಿಲ್ಲ. ಸರಣಿಯ ಮುಖ್ಯ ಪಾತ್ರಗಳಲ್ಲೊಬ್ಬನಾದ ಸ್ಪಾಕ್‌ನ ಅಂಗಿಯ ಬಣ್ಣ ನೀಲಿ ಎಂಬುದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಆದ್ದರಿಂದ, ಹಳೆಯದನ್ನು ಹಳೆಯ ಹಾಗೆಯೇ ಮಸುಕಾಗಿ ಇಡಬೇಕೆಂದು ಹೇಳುವವರ ಸಾಲಿನಲ್ಲಿ ನಾನು ನಿಲ್ಲಲಾರೆ. ನಾನು ನೋಡಿದ್ದ ಮಸುಕು ಆ ಕೃತಿಯದ್ದಾಗಿರಲಿಲ್ಲ, ನಮ್ಮ ಆಂಟೆನಾದ್ದಾಗಿತ್ತು.

ಅಭಿಮಾನಿಗಳ ನಡುವಿನ ಈ ಜಗಳವನ್ನು ಬಹುಕಾಲದಿಂದ ಗಮನಿಸುತ್ತ ಬಂದ ನನಗೆ ಅನಿಸುವುದು, ಹಳೆಯ ಚಿತ್ರವನ್ನು ಹೊಸ ಪರದೆಗೆ ತಕ್ಕಂತೆ ಸಜ್ಜುಗೊಳಿಸುವುದಕ್ಕೆ ಹೇಳುವ ರಿಮಾಸ್ಟರ್ ಎಂಬ ಒಂದೇ ಶಬ್ದದೊಳಗೆ ಎರಡು ಬೇರೆ ಬೇರೆ ಕೆಲಸಗಳು ಸೇರಿಕೊಂಡಿವೆ ಎಂದು. ಒಂದು ತೊಳೆಯುವ ಕೆಲಸ, ಇನ್ನೊಂದು ತಿದ್ದುವ ಕೆಲಸ. ಮೊದಲನೆಯದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಎರಡನೆಯದನ್ನು ಯಾರಾದರೂ ಮಾಡಿದರೆ ಮೂಲವನ್ನೂ ಅದರ ಪಕ್ಕದಲ್ಲಿಯೇ ಇಡಬೇಕೆಂದು ಪಟ್ಟು ಹಿಡಿಯುತ್ತೇನೆ.

ತೊಳೆಯುವುದೆಂದರೇನು ಎಂಬುದನ್ನು ನನಗೆ ಮನದಟ್ಟು ಮಾಡಿಕೊಟ್ಟವನು ಅಣ್ಣ. 1987ರಲ್ಲಿ ನಡೆದ ಚಿಕ್ಕಮ್ಮನ ಮದುವೆಯ ಫೋಟೊ ನೆಗೆಟಿವ್‌ಗಳೂ ಅದೇ ಮದುವೆಯ ವೀಡಿಯೊ ಕ್ಯಾಸೆಟ್ಟೂ ಅವನಲ್ಲಿ ಇವೆ. ಕ್ಯಾಸೆಟ್ಟಿಗೆ ನಮ್ಮ ಊರಿನ ಮಳೆಗಾಲದಲ್ಲಿ ಬೂಸ್ಟು ಹಿಡಿದಿತ್ತು. ಅದನ್ನು ಶುಚಿಗೊಳಿಸಿ ಓಡಿಸಿದಾಗಲೂ ಧಾರೆಯ ಮಂಟಪದಲ್ಲಿ ಕೆಂಪು ಬಣ್ಣದ ಒಂದು ಮುದ್ದೆ ಅಲುಗಾಡಿತೇ ಹೊರತು ಮುಖ ಕಾಣಲಿಲ್ಲ. ನೆಗೆಟಿವ್ ಮಾತ್ರ ಬೇರೆಯದೇ ಕತೆ ಹೇಳಿತು. ಅಳಿಯ ಅದನ್ನು ಸ್ಕ್ಯಾನ್ ಮಾಡಿದಾಗ ಸೀರೆಯ ಜರಿಯಂಚಿನ ಎಳೆಗಳು, ಅಜ್ಜಿಯ ಬೆಂಡೋಲೆಯ ಕಲ್ಲುಗಳು, ಹಿಂದೆ ನಿಂತಿದ್ದ ಅಡಿಗೆಯವರ ಹೆಗಲ ಬೈರಾಸಿನ ಗೆರೆಗಳು ಕೂಡ ಎಣಿಸುವಷ್ಟು ಸ್ಪಷ್ಟವಾಗಿ ಮೂಡಿಬಂದವು. “ಇದು ಯಾವಾಗಲೂ ಒಳಗೆ ಇತ್ತು, ತೆಗೆದು ನೋಡುವ ಸಾಧನ ನಮ್ಮಲ್ಲಿ ಇರಲಿಲ್ಲ, ಅಷ್ಟೆ” ಎಂದು ಅಣ್ಣ ಹೇಳಿದ.

1966ರ ಸೆಪ್ಟೆಂಬರ್ 8ರಿಂದ 1969ರ ಜೂನ್ 3ರವರೆಗೆ ಅಮೆರಿಕದಲ್ಲಿ ಪ್ರಸಾರವಾದ ಆ ಸರಣಿಯ 79 ಕಂತುಗಳನ್ನು ಚಿತ್ರೀಕರಿಸಿದ್ದು 35 ಮಿಲಿಮೀಟರ್ ಫಿಲ್ಮಿನಲ್ಲಿ. ಅಂದಿನ ಟಿವಿ ಪ್ರಸಾರದಲ್ಲಿ ಚಿತ್ರವು 480ರಷ್ಟು ಗೆರೆಗಳಲ್ಲಿ ಮೂಡುತ್ತಿದ್ದರೆ, ಫಿಲ್ಮಿನೊಳಗೆ ಇಂದಿನ 1080 ಗೆರೆಗಳ ಎಚ್‌ಡಿ ಪರದೆಯನ್ನೂ ತುಂಬಿಸಿ ಮಿಗುವಷ್ಟು ವಿವರ ಅಡಗಿತ್ತು. ಧೂಳನ್ನು ಒರೆಸಿ, ಗೀರುಗಳನ್ನು ತೆಗೆದು, ಮಾಸಿದ ಬಣ್ಣವನ್ನು ಸರಿಹೊಂದಿಸಿ ಅದನ್ನು ಹೊರತೆಗೆದವರ ಶ್ರಮ ದೊಡ್ಡದು. ಪಾತ್ರಧಾರಿಗಳ ಅಂಗಿಯ ಬಟ್ಟೆಯ ನೇಯ್ಗೆ ಈಗ ಕಾಣುತ್ತದೆ. ಸ್ಪಾಕ್‌ನ ಚೂಪು ಕಿವಿಯನ್ನು ನಟನ ಕಿವಿಗೆ ಜೋಡಿಸಿದ ಜಾಗವೂ ಕಾಣುತ್ತದೆ. ಕಿವಿಯ ಜೋಡಣೆ ಕಾಣುವುದರಿಂದ ಮಾಯೆ ಒಡೆಯಿತು ಎನ್ನುವವರಿದ್ದಾರೆ. ಗ್ಯಾಸ್‌ಲೈಟಿನ ಕಾಲದ ಯಕ್ಷಗಾನವನ್ನು ನೋಡಿ ಬೆಳೆದ ಹಿರಿಯರು ಇಂದಿನ ಎಲ್‌ಇಡಿ ಬೆಳಕಿನಲ್ಲಿ ಬಣ್ಣದ ವೇಷದ ಚುಟ್ಟಿಯನ್ನು, ಎಂದರೆ ಮುಖದ ಮೇಲೆ ಅಕ್ಕಿಹಿಟ್ಟಿನಿಂದ ಇಟ್ಟ ಮುಳ್ಳುಗಳನ್ನು ಕಂಡು ಇದೇ ಮಾತನ್ನು ಹೇಳುತ್ತಾರೆ. ನನಗಾದರೋ ಚುಟ್ಟಿಯ ಒಂದೊಂದು ಮುಳ್ಳನ್ನೂ ಇಟ್ಟ ಕೈಯ ಮೇಲೆ ಗೌರವವೇ ಹೆಚ್ಚಾಗುತ್ತದೆ.

ತೊಡಕು ಹುಟ್ಟುವುದು ಬಾಹ್ಯಾಕಾಶದ ದೃಶ್ಯಗಳಲ್ಲಿ. ಅಂದಿನ ಕ್ರಮದಲ್ಲಿ ನೌಕೆಯನ್ನು ಒಂದು ಫಿಲ್ಮಿನಲ್ಲಿ, ನಕ್ಷತ್ರಗಳನ್ನು ಇನ್ನೊಂದರಲ್ಲಿ, ಗ್ರಹವನ್ನು ಮತ್ತೊಂದರಲ್ಲಿ ಸೆರೆಹಿಡಿದು, ಆಪ್ಟಿಕಲ್ ಪ್ರಿಂಟರ್ ಎಂಬ ಯಂತ್ರದಲ್ಲಿ ಅವೆಲ್ಲವನ್ನೂ ಹೊಸ ಫಿಲ್ಮೊಂದರ ಮೇಲೆ ಒಂದಾದ ಮೇಲೊಂದರಂತೆ ಮುದ್ರಿಸುತ್ತಿದ್ದರು. ಪ್ರತಿ ಮುದ್ರಣದಲ್ಲಿಯೂ ಒಂದಿಷ್ಟು ಧೂಳು ಸೇರುತ್ತಿತ್ತು, ಫಿಲ್ಮಿನ ಕಣಗಳು ದಪ್ಪವಾಗುತ್ತಿದ್ದವು. ಆದ್ದರಿಂದ ನಟರು ನಿಂತು ಮಾತನಾಡುವ ದೃಶ್ಯ ಎಚ್‌ಡಿಯಲ್ಲಿ ಕನ್ನಡಿಯಂತೆ ಹೊಳೆಯುವಾಗ, ಮರುಕ್ಷಣ ಬರುವ ನೌಕೆಯ ದೃಶ್ಯ ಮಂಜಿನಲ್ಲಿ ಅದ್ದಿದ ಹಾಗಿರುತ್ತದೆ. ಸರಣಿಯ ನಲುವತ್ತನೆಯ ವರ್ಷವಾದ 2006ರಲ್ಲಿ ಹಕ್ಕುದಾರ ಸಂಸ್ಥೆಯು ಈ ಅಂತರವನ್ನು ನೀಗಿಸಲು ಆ ದೃಶ್ಯಗಳನ್ನೇ ಕಂಪ್ಯೂಟರಿನಲ್ಲಿ ಹೊಸದಾಗಿ ಮಾಡಿಸಿತು. ಶೀರ್ಷಿಕೆಯ ಸಂಗೀತವನ್ನು ಕೂಡ ವಾದ್ಯಗೋಷ್ಠಿಯಿಂದ ಪುನಃ ನುಡಿಸಿ ಧ್ವನಿಮುದ್ರಿಸಿಕೊಂಡರು.

ನಾವು ಅಂದು ನೋಡಿದ ಕಂತಿನಲ್ಲಿ ಕಾನ್‌ಸ್ಟೆಲೇಷನ್ ಎಂಬ ಇನ್ನೊಂದು ನೌಕೆ ಜಖಂಗೊಂಡು ತೇಲುತ್ತಿರುತ್ತದೆ. ಅದನ್ನು ಮಾಡಿದ್ದು ಅಂಗಡಿಯಲ್ಲಿ ಮಾರಾಟಕ್ಕಿದ್ದ ಎಂಟರ್‌ಪ್ರೈಸ್ ನೌಕೆಯ ಪ್ಲಾಸ್ಟಿಕ್ ಕಿಟ್ಟನ್ನು ಸುಟ್ಟು ಮುರಿದು. ಎಂಟರ್‌ಪ್ರೈಸಿನ ಸಂಖ್ಯೆ 1701. ಕಿಟ್ಟಿನೊಳಗೆ ಬಂದ ಅವೇ ಅಂಕೆಗಳನ್ನು ಹಿಂದುಮುಂದು ಮಾಡಿ ಅಂಟಿಸಿದ್ದರಿಂದ ಕಾನ್‌ಸ್ಟೆಲೇಷನ್ 1017 ಆಯಿತು. ಮೂಲ ದೃಶ್ಯವನ್ನು ನಿಲ್ಲಿಸಿ ಹತ್ತಿರದಿಂದ ನೋಡಿದರೆ ಪ್ಲಾಸ್ಟಿಕ್ ಕರಗಿ ಸುರುಟಿಕೊಂಡದ್ದು ಗೊತ್ತಾಗುತ್ತದೆ. ಹೊಸ ದೃಶ್ಯದಲ್ಲಿ ಉಕ್ಕಿನ ತಗಡು ಸೀಳಿದ ಹಾಗೆ, ಒಳಗಿನ ಅಂತಸ್ತುಗಳು ಕಾಣುವ ಹಾಗೆ ಎಲ್ಲವೂ ಇದೆ, ಸಂಖ್ಯೆ ಮಾತ್ರ 1017 ಆಗಿಯೇ ಉಳಿದಿದೆ. ಸಂಖ್ಯೆಯನ್ನು ಕಂಡ ಅಣ್ಣ, “ಇದು ತೊಳೆದದ್ದಲ್ಲ ಮಾರಾಯ, ಬೇರೆಯೇ ಮಾಡಿ ಹಾಕಿದ್ದು” ಎಂದ. ಎಂಟರ್‌ಪ್ರೈಸಿನ ಮುಖ್ಯ ಮಾದರಿಯೂ ಹಾಗೆಯೇ. ಹನ್ನೊಂದು ಅಡಿ ಉದ್ದದ ಆ ಮಾದರಿಯೊಳಗೆ ದೀಪಗಳನ್ನು ಅಳವಡಿಸಿದಾಗ ತಂತಿಗಳನ್ನು ಎಡಬದಿಯಿಂದ ಹೊರತೆಗೆದಿದ್ದರಿಂದ ಬಲಬದಿಯನ್ನಷ್ಟೇ ಕ್ಯಾಮರಾಕ್ಕೆ ತೋರಿಸಬೇಕಾಗಿತ್ತು. ಹೊಸ ದೃಶ್ಯಗಳಲ್ಲಿ ಅದು ಎಲ್ಲ ದಿಕ್ಕಿಗೂ ಮೈ ಹೊರಳಿಸುತ್ತದೆ. ಸ್ಮಿತ್ಸೋನಿಯನ್ ಸಂಸ್ಥೆಯ ವಾಯು ಮತ್ತು ಬಾಹ್ಯಾಕಾಶ ವಸ್ತುಸಂಗ್ರಹಾಲಯದಲ್ಲಿ 2016ರಲ್ಲಿ ಜೀರ್ಣೋದ್ಧಾರಗೊಂಡು ಇಂದಿಗೂ ಇರುವ ಆ ಮರದ ನೌಕೆ ಹೊಸ ದೃಶ್ಯಗಳಲ್ಲಿ ಎಲ್ಲಿಯೂ ಇಲ್ಲ ಎಂಬುದು ನನಗೆ ಸಣ್ಣ ಸಂಗತಿಯಲ್ಲ.

ಅಳಿಯನ ವಾದವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಹಣವೂ ಸಮಯವೂ ಸಾಲದೆ ಅವರು ಆಟಿಕೆಯನ್ನು ಸುಟ್ಟರು, ಸೌಕರ್ಯವಿದ್ದಿದ್ದರೆ ಈ ಹೊಸ ದೃಶ್ಯಗಳಂಥವನ್ನೇ ಮಾಡುತ್ತಿದ್ದರು, ಹಾಗಾಗಿ ಇದು ಅವರ ಬಯಕೆಯನ್ನು ಪೂರೈಸಿದಂತೆ ಎಂಬುದು ಅವನ ನಿಲುವು. ಆದರೆ ಬಯಕೆಯನ್ನು ನಾವು ಊಹಿಸಬಹುದಷ್ಟೇ. ಅವರು ಮಾಡಿಟ್ಟದ್ದು ಕಣ್ಣೆದುರಿಗೆ ಇದೆ. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಕಾಲ ಮತ್ತು ಕರ್ತೃತ್ವದ ಕುರಿತು ವಿದ್ವಾಂಸರು ದಶಕಗಟ್ಟಲೆ ವಾದಿಸಿದ ನೆಲದವರಾದ ನಮಗೆ ಪಾಠ, ಪಾಠಾಂತರ ಎಂಬ ಮಾತುಗಳು ಹೊಸವೇನಲ್ಲ. ತಾಳೆಗರಿಯ ಮೇಲಿನ ಧೂಳನ್ನು ಒರೆಸಿ ಮಸಿ ತೀಡಿ ಅಕ್ಷರ ಕಾಣುವಂತೆ ಮಾಡುವುದು ಸಂಪಾದಕನ ಕರ್ತವ್ಯ. ಕವಿ ಹೀಗೆ ಬರೆಯಬೇಕಿತ್ತೆಂದು ತನಗೆ ತೋರಿದ ಪದವನ್ನು ಸಾಲಿನೊಳಗೆ ಸೇರಿಸಿ ಹಳೆಯ ಪದವನ್ನು ಅಳಿಸುವುದು ಅವನ ಅಧಿಕಾರವಲ್ಲ. ತೋರಿದ್ದನ್ನು ಅಡಿಟಿಪ್ಪಣಿಯಲ್ಲಿ ಹೇಳಬಹುದು, ಓದುಗ ಎರಡನ್ನೂ ನೋಡಿ ತೀರ್ಮಾನಿಸಲಿ.

ಇದೇ ಕ್ರಮವನ್ನು ಡಿಸ್ಕಿನಲ್ಲಿ ಪಾಲಿಸಲು ಸಾಧ್ಯವಿದೆ ಎಂಬುದಕ್ಕೆ ಸಾಕ್ಷಿಯೂ ಇದೆ. 2007ರಲ್ಲಿ ಮೊದಲ ಸೀಸನ್ ಎಚ್‌ಡಿ ಡಿವಿಡಿಯಲ್ಲಿ ಬಂದಾಗ ಹೊಸ ದೃಶ್ಯಗಳಷ್ಟೇ ಇದ್ದವು. 2009ರ ಬ್ಲೂ-ರೇಯಲ್ಲಿ ಹಳೆಯದು, ಹೊಸದು ಎರಡನ್ನೂ ಇಟ್ಟು, ರಿಮೋಟಿನಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುವ ಅನುಕೂಲ ಮಾಡಿಕೊಟ್ಟರು. ಹಳೆಯ ದೃಶ್ಯಗಳೂ ಅದರಲ್ಲಿ ತೊಳೆದು ಶುಭ್ರವಾಗಿಯೇ ಇವೆ. ಈ ಇಡೀ ವಿವಾದದಲ್ಲಿ ಇದಕ್ಕಿಂತ ನ್ಯಾಯವಾದ ಪರಿಹಾರವನ್ನು ನಾನು ಕಂಡಿಲ್ಲ. ಸ್ಟ್ರೀಮಿಂಗ್‌ನಲ್ಲಿ ಮಾತ್ರ ಈ ಆಯ್ಕೆ ಸಾಮಾನ್ಯವಾಗಿ ಸಿಗುವುದಿಲ್ಲ. ಇಂದು ಮೊದಲ ಬಾರಿಗೆ ನೋಡುವ ಹದಿನೈದರ ಹುಡುಗನಿಗೆ ಸುಟ್ಟ ಪ್ಲಾಸ್ಟಿಕ್ ನೌಕೆಯೊಂದು ಇತ್ತೆಂಬುದೇ ತಿಳಿಯುವುದಿಲ್ಲ.

1987ರಿಂದ 1994ರವರೆಗೆ ಬಂದ ‘ನೆಕ್ಸ್ಟ್ ಜನರೇಶನ್’ ಎಂಬ ಸ್ಟಾರ್ ಟ್ರೆಕ್‌ನದೇ ಮುಂದಿನ ಸರಣಿಯ ಕತೆ ಅಣ್ಣನ ನೆಗೆಟಿವ್ ಮತ್ತು ಕ್ಯಾಸೆಟ್ಟಿನ ಕತೆಯೇ. ಚಿತ್ರೀಕರಿಸಿದ್ದು ಫಿಲ್ಮಿನಲ್ಲಾದರೂ ಸಂಕಲನವನ್ನೂ ನೌಕೆಗಳ ದೃಶ್ಯಗಳ ಜೋಡಣೆಯನ್ನೂ ವೀಡಿಯೊ ಟೇಪಿನಲ್ಲಿ ಮುಗಿಸಿದ್ದರಿಂದ, ಪೂರ್ಣಗೊಂಡ ಕಂತು ಎಂಬುದು ಟೇಪಿನ ಹೊರಗೆ ಎಲ್ಲಿಯೂ ಇರಲಿಲ್ಲ. ಎಚ್‌ಡಿ ಮಾಡಲು ಹೊರಟವರು 25,000ಕ್ಕೂ ಹೆಚ್ಚು ರೀಲುಗಳನ್ನು ತೆರೆದು, ಪ್ರತಿ ಕಂತನ್ನೂ ಮೊದಲಿನ ಸಂಕಲನಕ್ಕೆ ಚೌಕಟ್ಟಿನಿಂದ ಚೌಕಟ್ಟಿಗೆ ಹೊಂದುವಂತೆ ಮತ್ತೆ ಕತ್ತರಿಸಿ ಜೋಡಿಸಬೇಕಾಯಿತು. ಇಲ್ಲಿ ಅವರು ಅನುಸರಿಸಿದ ನೀತಿ ಬೇರೆ. ಅಂದು ಮಾದರಿಗಳನ್ನು ಚಿತ್ರೀಕರಿಸಿದ್ದ ಫಿಲ್ಮನ್ನೇ ಹುಡುಕಿ ತಂದು ಮತ್ತೆ ಕೂಡಿಸಿದರು, ಹಾಗೆ ಬಳಸಲಾಗದ ಕೆಲವು ಕಡೆ ಮಾತ್ರ ಕಂಪ್ಯೂಟರನ್ನು ಆಶ್ರಯಿಸಿದರು. 2012ರಿಂದ 2014ರ ನಡುವೆ ಏಳೂ ಸೀಸನ್‌ಗಳು ಬ್ಲೂ-ರೇಯಲ್ಲಿ ಬಂದವು. ಅದನ್ನು ನೋಡುವಾಗ, ಬೇರೆಯವರ ಕೈಬರಹವನ್ನು ತನ್ನದೆಂದು ತೋರಿಸಿಕೊಳ್ಳದೆ ಪ್ರತಿಮಾಡಿದ ಲಿಪಿಕಾರರ ನೆನಪು ನನಗಾಗುತ್ತದೆ.

ನನಗೆ ನಿಜವಾಗಿ ಸಂಕಟವಾಗುವುದು ಅದರ ನಂತರದ ಎರಡು ಸರಣಿಗಳ ವಿಷಯದಲ್ಲಿ. ಆ ಬ್ಲೂ-ರೇಗಳು ನಿರೀಕ್ಷಿಸಿದಷ್ಟು ಮಾರಾಟವಾಗದ ಕಾರಣ 1993ರಿಂದ 1999ರವರೆಗಿನ ‘ಡೀಪ್ ಸ್ಪೇಸ್ ನೈನ್’, 1995ರಿಂದ 2001ರವರೆಗಿನ ‘ವಾಯೇಜರ್’ ಸರಣಿಗಳಿಗೆ ಆ ಭಾಗ್ಯ ದೊರೆಯಲಿಲ್ಲ. ಮೊದಲನೆಯದರ ಬಗ್ಗೆ ಅಭಿಮಾನಿಗಳ ದೇಣಿಗೆಯಿಂದ ತಯಾರಾದ ಸಾಕ್ಷ್ಯಚಿತ್ರವೊಂದರಲ್ಲಿ ಕೆಲವು ದೃಶ್ಯಗಳನ್ನು ಮೂಲ ಫಿಲ್ಮಿನಿಂದ ಎಚ್‌ಡಿಗೆ ತಂದು ತೋರಿಸಿದ್ದರು. ಅವುಗಳನ್ನು ನೋಡಿದವರಿಗೆ ಟೇಪಿನ ಮಸುಕಿನ ಹಿಂದೆ ಏನಿದೆ ಎಂಬುದು ಒಮ್ಮೆಗೇ ಅರ್ಥವಾಯಿತು. ಇದರ ನಡುವೆ ಕೃತಕ ಬುದ್ಧಿಮತ್ತೆಯಿಂದ ಟೇಪಿನ ಚಿತ್ರವನ್ನೇ ಹಿಗ್ಗಿಸಿ ಚೂಪುಗೊಳಿಸುವ ಪ್ರಯತ್ನಗಳು ಅಭಿಮಾನಿಗಳಿಂದ ನಡೆಯುತ್ತಿವೆ, ಅಳಿಯನೂ ಎರಡು ದೃಶ್ಯಗಳನ್ನು ಹಾಗೆ ಮಾಡಿ ತೋರಿಸಿದ. ದೂರದಿಂದ ಚೆನ್ನಾಗಿಯೇ ಇತ್ತು. ಹತ್ತಿರ ಹೋದರೆ ಮುಖದ ಚರ್ಮ ಮೇಣ ಸವರಿದಂತೆ ನುಣ್ಣಗಾಗಿ, ಹಿಂದೆ ನಿಂತವರ ಕಣ್ಣುಗಳು ಯಾರದ್ದೋ ಕಣ್ಣುಗಳಾಗಿದ್ದವು. ಹುಳ ತಿಂದ ಜಾಗದಲ್ಲಿ ಊಹಿಸಿದ ಅಕ್ಷರವನ್ನು ಸಂಪಾದಕರು ಆವರಣದೊಳಗೆ ಮುದ್ರಿಸಿ ಊಹೆಯೆಂದು ತಿಳಿಸುತ್ತಾರೆ. ಈ ಯಂತ್ರ ಆವರಣ ಹಾಕುವುದಿಲ್ಲ.

ಚಿತ್ರದ ಆಕಾರದ ಪ್ರಶ್ನೆಯಲ್ಲಿ ನಾವು ಕೊನೆಗೂ ಒಮ್ಮತಕ್ಕೆ ಬರಲಿಲ್ಲ. ಈ ಹಳೆಯ ಸರಣಿಗಳು ಅಗಲ ನಾಲ್ಕು ಪಾಲು, ಎತ್ತರ ಮೂರು ಪಾಲು ಇರುವ 4:3ರ ಚೌಕಕ್ಕಾಗಿ ಸಂಯೋಜಿಸಿದವು, ಇಂದಿನ ಟಿವಿಯಲ್ಲಿ ಎರಡೂ ಬದಿ ಕಪ್ಪು ಪಟ್ಟಿ ಉಳಿಯುತ್ತದೆ. ಮೇಲೆ ಕೆಳಗೆ ಕತ್ತರಿಸಿಯಾದರೂ ಪರದೆ ತುಂಬಿಸಬೇಕೆಂಬುದು ಅಳಿಯನ ಹಟ. ‘ಬ್ಯಾಬಿಲಾನ್ 5’ ಎಂಬ ಇನ್ನೊಂದು ಬಾಹ್ಯಾಕಾಶ ಸರಣಿಯ ಡಿವಿಡಿಯಲ್ಲಿ ಆದದ್ದನ್ನು ನಾನು ನೆನಪಿಸಿದೆ. ಅಗಲ ಪರದೆಗೂ ಒದಗುವಂತೆ ನಟರ ದೃಶ್ಯಗಳನ್ನು ಚಿತ್ರೀಕರಿಸಿದ್ದರೂ ಕಂಪ್ಯೂಟರ್ ದೃಶ್ಯಗಳನ್ನು 4:3ರಲ್ಲೇ ಮಾಡಿದ್ದರಿಂದ, ಅವುಗಳನ್ನು ಕತ್ತರಿಸಿ ಹಿಗ್ಗಿಸಿದಾಗ ಚಿತ್ರ ಇನ್ನಷ್ಟು ಕೆಟ್ಟಿತು. 2021ರ ರಿಮಾಸ್ಟರ್‌ನಲ್ಲಿ ಪುನಃ 4:3ಕ್ಕೇ ಮರಳಬೇಕಾಯಿತು. ಅಳಿಯ ಒಪ್ಪಲಿಲ್ಲ. ಕಪ್ಪು ಪಟ್ಟಿ ಕಂಡರೆ ತನ್ನ ಗೆಳೆಯರು ನೋಡುವುದನ್ನೇ ಬಿಡುತ್ತಾರೆ ಎಂದ. ಅದು ನಿಜವೂ ಇರಬಹುದು.

ಸಂಜೆ ಮಳೆ ಸ್ವಲ್ಪ ಬಿಟ್ಟಾಗ ಅಣ್ಣ ಕೊಡೆ ಹಿಡಿದು ಹೊರಟ. ಸ್ಟುಡಿಯೊದ ಕಪಾಟಿನಲ್ಲಿ ಉಳಿದಿರುವ ನೆಗೆಟಿವ್ ಡಬ್ಬಿಗಳನ್ನು ಬೂಸ್ಟು ಹಿಡಿಯುವ ಮೊದಲೇ ತಂದುಕೊಡುವುದಾಗಿ ಅಳಿಯನಿಗೆ ಹೇಳಿದ. ಅಜ್ಜಿಯ ಕೆನ್ನೆಯ ಮೇಲೆ ಒಂದು ಗೀರು ಇದೆ, ಅದನ್ನು ತೆಗೆಯಬಹುದೇ ಎಂದು ಅಳಿಯ ಕೇಳಿದ್ದಕ್ಕೆ ಅಣ್ಣ ಮೆಟ್ಟಿಲಲ್ಲೇ ನಿಂತು ಉತ್ತರಿಸಿದ: “ಮೊದಲು ಇದ್ದ ಹಾಗೆಯೇ ಒಂದು ತೆಗೆದಿಡು. ಆಮೇಲೆ ಬೇಕಾದರೆ ಗೀರು ತೆಗೆದದ್ದು ಇನ್ನೊಂದು ಮಾಡು.”