ಅಷ್ಟು ಮಕ್ಕಳು ಸತ್ತರೂ ಅಮೆರಿಕ ಯಾಕೆ ಬಂದೂಕು ಬಿಡಲ್ಲ?

ಅಮೆರಿಕದ ಯಾವುದೋ ಶಾಲೆಯಲ್ಲಿ ಗುಂಡು ಹಾರಿದ ಸುದ್ದಿ ಬಂದ ಮರುದಿನ ಈ ಪ್ರಶ್ನೆ ಬಂದೇ ಬರುತ್ತದೆ: "ಇಷ್ಟಾದ್ರೂ ಆ ಜನಕ್ಕೆ ಬುದ್ಧಿ ಬರಲ್ವಾ? ಬ್ಯಾನ್ ಮಾಡೋಕೆ ಏನ್ ಕಷ್ಟ?"

ಕೇಳುವವರ ತಲೆಯಲ್ಲಿರುವುದು ನಮ್ಮ ಪದ್ಧತಿ. ಅರ್ಜಿ, ಪೊಲೀಸ್ ವರದಿ, ಲೈಸೆನ್ಸು. ಚುನಾವಣೆ ಬಂತೆಂದರೆ ಮಲೆನಾಡಿನ ರೈತ ಬೆಳೆ ಕಾಯುವ ಕೋವಿಯನ್ನು ಠಾಣೆಗೆ ಒಯ್ದು ಠೇವಣಿ ಇಡಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸಿನಿಂದ ವಿನಾಯಿತಿ ಇರುವ ಕೊಡವರಿಗೂ ಆ ವಿನಾಯಿತಿ ಕೊಟ್ಟಿದ್ದು ಸರ್ಕಾರವೇ, ಅದೂ 2029ರವರೆಗೆ ಎಂದು ಗಡುವು ಹಾಕಿ. ಕೊಟ್ಟವರು ವಾಪಸ್ ಕೇಳಬಹುದು. ಅಮೆರಿಕದಲ್ಲಿ ಸರ್ಕಾರ ಕೊಟ್ಟದ್ದೇ ಅಲ್ಲ. ಅಲ್ಲಿನ ಸಂವಿಧಾನದ 1791ರ ಎರಡನೇ ತಿದ್ದುಪಡಿಯಲ್ಲಿ ಆಯುಧ ಇಟ್ಟುಕೊಳ್ಳುವುದು ಹಕ್ಕು ಎಂದು ಬರೆದಿದೆ. ಅದು ನಾಗರಿಕರ ಸೇನಾದಳಕ್ಕೆ (ಮಿಲಿಷಿಯಾ) ಸೇರಿದ ಹಕ್ಕೋ ಒಬ್ಬೊಬ್ಬ ಪ್ರಜೆಯದೋ ಎಂಬ ಜಗಳವನ್ನು 2008ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಪ್ರಜೆಯ ಪರವಾಗಿ ತೀರಿಸಿತು. ಆದ್ದರಿಂದ ಪೂರ್ತಿ ಬ್ಯಾನ್ ಎಂಬ ಮಾತು ಅಲ್ಲಿ ಸದ್ಯಕ್ಕೆ ಚರ್ಚೆಯಲ್ಲೇ ಇಲ್ಲ.

ನನ್ನ ಉತ್ತರ ಇಷ್ಟೇ: ಬುದ್ಧಿಗೂ ಕೊರತೆಯಿಲ್ಲ, ಕಣ್ಣೀರಿಗೂ ಕೊರತೆಯಿಲ್ಲ. ಕೊಳ್ಳುವ ಪ್ರತಿಯೊಬ್ಬರ ಹಿನ್ನೆಲೆ ತಪಾಸಣೆ ಆಗಲಿ ಎನ್ನುವವರು ಯಾವ ಸಮೀಕ್ಷೆ ನೋಡಿದರೂ ಬಹುಸಂಖ್ಯಾತರೇ. ಆ ಸಿಟ್ಟು ಹೋಗಿ ಸಿಕ್ಕಿಹಾಕಿಕೊಳ್ಳುವುದು ಒಂದು ಫಾರಂ, ಮೂರು ದಿನ, ಅರವತ್ತು ಮತ ಇಂಥ ಕಿರಿಕಿರಿ ಲೆಕ್ಕಗಳಲ್ಲಿ. ಹಾಗಾಗಿ ಅಂಗಡಿಯ ಕೌಂಟರಿನಿಂದಲೇ ಶುರು ಮಾಡೋಣ.

ಲೈಸೆನ್ಸಿರುವ ಅಂಗಡಿಯಲ್ಲಿ ಪಿಸ್ತೂಲ್ ಕೊಳ್ಳಲು ಹೋದವರು ಮೊದಲು ತುಂಬಬೇಕಾದ್ದು 4473 ಎಂಬ ಫಾರಂ. ಹೆಸರು, ವಿಳಾಸ, ಆಮೇಲೆ ಹೌದು-ಇಲ್ಲ ಪ್ರಶ್ನೆಗಳು: ಗಂಭೀರ ಅಪರಾಧದಲ್ಲಿ ಶಿಕ್ಷೆಯಾಗಿದೆಯೇ, ಮಾದಕ ವಸ್ತು ಬಳಸುತ್ತೀರಾ, ಹೆಂಡತಿ ಅಥವಾ ಗಂಡನ ಮೇಲೆ ಕೈ ಮಾಡಿ ಶಿಕ್ಷೆಗೊಳಗಾಗಿದ್ದೀರಾ. ಆಗಿನ ಅಧ್ಯಕ್ಷ ಬೈಡನ್ ಅವರ ಮಗ 2024ರಲ್ಲಿ ತಪ್ಪಿತಸ್ಥ ಎನಿಸಿಕೊಂಡದ್ದು ಇದೇ ಫಾರಂನಲ್ಲಿ ಮಾದಕ ವಸ್ತುವಿನ ಪ್ರಶ್ನೆಗೆ ಸುಳ್ಳು ಬರೆದಿದ್ದಕ್ಕೆ. ನಮ್ಮವರಿಗೂ ಒಂದು ಮಾತು. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳುವುದೇ ಫೆಡರಲ್, ಅಂದರೆ ಅಲ್ಲಿನ ಕೇಂದ್ರದ ಕಾನೂನಿನಲ್ಲಿ ಅಪರಾಧ. ಬೇಟೆಯ ಲೈಸೆನ್ಸ್ ಇರುವುದು ಮುಂತಾದ ಕೆಲವೇ ವಿನಾಯಿತಿಗಳಿವೆ. ಗ್ರೀನ್ ಕಾರ್ಡಿನವರಿಗೆ ಈ ತಡೆ ಇಲ್ಲ.

ಫಾರಂ ತುಂಬಿದ ಮೇಲೆ ಅಂಗಡಿಯವನು ಎಫ್‌ಬಿಐನ ತಪಾಸಣಾ ವ್ಯವಸ್ಥೆಯನ್ನು ಕೇಳುತ್ತಾನೆ. ಕೆಲವು ರಾಜ್ಯಗಳಲ್ಲಿ ಈ ಕೆಲಸ ರಾಜ್ಯದ ಪೊಲೀಸರದು. 1993ರ ಬ್ರೇಡಿ ಕಾಯ್ದೆಯ ಕೂಸಾದ ಈ ವ್ಯವಸ್ಥೆ ಶುರುವಾದದ್ದು 1998ರ ನವೆಂಬರ್‌ನಲ್ಲಿ. ಉತ್ತರ ಮೂರು ಬಗೆ: ಕೊಡು, ಕೊಡಬೇಡ, ತಡೆ (ಅಂದರೆ ಸ್ವಲ್ಪ ಕಾಯಿ). ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಉತ್ತರ ಬರುತ್ತದೆ. ಎಡವಟ್ಟಾಗುವುದು ಮೂರನೆಯದರಲ್ಲಿ. "ತಡೆ" ಎಂದ ಎಫ್‌ಬಿಐ ಮೂರು ಕೆಲಸದ ದಿನಗಳೊಳಗೆ ಮತ್ತೆ ಏನೂ ಹೇಳದಿದ್ದರೆ, ಅಂಗಡಿಯವನು ತನ್ನಿಷ್ಟದಂತೆ ಮಾರಬಹುದು. ಕಾನೂನೇ ಹಾಗಿದೆ.

ದಕ್ಷಿಣ ಕ್ಯಾರೊಲೈನಾದ ಚಾರ್ಲ್‌ಸ್ಟನ್‌ನಲ್ಲಿ 2015ರ ಜೂನ್ 17ರಂದು ಕಪ್ಪು ಜನರ ಚರ್ಚಿನೊಳಗೆ 9 ಮಂದಿಯನ್ನು ಕೊಂದವನ ಅರ್ಜಿಗೆ ಬಂದದ್ದೂ "ತಡೆ" ಎಂದೇ. ಮಾದಕ ವಸ್ತು ಇಟ್ಟುಕೊಂಡದ್ದನ್ನು ಅವನು ಪೊಲೀಸರೆದುರು ಒಪ್ಪಿಕೊಂಡಿದ್ದ. ಆ ಕಾಗದ ಸಿಕ್ಕಿದ್ದರೆ ಪಿಸ್ತೂಲ್ ಸಿಗುತ್ತಿರಲಿಲ್ಲ. ಆದರೆ ಬಂಧನ ಯಾವ ಠಾಣೆಯದು ಎಂಬುದು ದಾಖಲೆಯಲ್ಲಿ ತಪ್ಪಾಗಿ ನಮೂದಾಗಿತ್ತು. ತಪಾಸಣಾಧಿಕಾರಿ ಬೇರೆ ಕೌಂಟಿಗೆ (ಜಿಲ್ಲೆಗೆ) ಬರೆದು ಕೇಳಿದರು, ಅವರು ನಮ್ಮಲ್ಲಿಲ್ಲ ಎಂದರು, ಅಷ್ಟರಲ್ಲಿ ಮೂರು ದಿನ ಕಳೆಯಿತು, ಅಂಗಡಿಯವನು ಮಾರಿದ.

ಟೆಕ್ಸಸ್‌ನ ಸದರ್‌ಲ್ಯಾಂಡ್ ಸ್ಪ್ರಿಂಗ್ಸ್‌ನದು ಇನ್ನೊಂದು ಬಗೆ. 2017ರಲ್ಲಿ ಅಲ್ಲಿನ ಚರ್ಚಿನಲ್ಲಿ 26 ಜನರನ್ನು ಕೊಂದವನಿಗೆ ಹೆಂಡತಿ, ಮಗುವಿನ ಮೇಲೆ ಹಲ್ಲೆ ಮಾಡಿದ್ದಕ್ಕೆ ಸೇನಾ ನ್ಯಾಯಾಲಯದಲ್ಲಿ ಶಿಕ್ಷೆಯಾಗಿತ್ತು. ವಾಯುಪಡೆ ಆ ವಿವರವನ್ನು ಎಫ್‌ಬಿಐಗೆ ಕಳಿಸಿಯೇ ಇರಲಿಲ್ಲ. ಕಂಪ್ಯೂಟರ್ "ಕೊಡು" ಎಂದಿತು. ಇನ್ನು 2019ರಲ್ಲಿ ಟೆಕ್ಸಸ್‌ನ ಒಡೆಸ್ಸಾದಲ್ಲಿ 7 ಜನರನ್ನು ಕೊಂದವನು ಹಿಂದೆ ಅಂಗಡಿಯ ತಪಾಸಣೆಯಲ್ಲಿ ನಪಾಸಾಗಿದ್ದವನೇ. ಆಮೇಲೆ ಖಾಸಗಿ ವ್ಯಕ್ತಿಯಿಂದ ರೈಫಲ್ ಕೊಂಡ. ಲೈಸೆನ್ಸಿಲ್ಲದ ಖಾಸಗಿ ಮಾರಾಟಗಾರ ಹಿನ್ನೆಲೆ ತಪಾಸಣೆ ಮಾಡಬೇಕೆಂದು ಫೆಡರಲ್ ಕಾನೂನು ಕೇಳುವುದಿಲ್ಲ; ಕೆಲವು ರಾಜ್ಯಗಳು ಮಾತ್ರ ಕೇಳುತ್ತವೆ.

"ಹಾಗಾದರೆ ಯಾರ ಹತ್ತಿರ ಏನಿದೆ ಅಂತ ಪಟ್ಟಿ ಇಲ್ವಾ?" ಇಲ್ಲ, ಮತ್ತು ಮಾಡುವ ಹಾಗೂ ಇಲ್ಲ. 1986ರ ಕಾಯ್ದೆ ಫೆಡರಲ್ ಸರ್ಕಾರ ಮಾಲೀಕರ ನೋಂದಣಿ ಇಡುವುದನ್ನೇ ನಿಷೇಧಿಸಿದೆ. ಕೊಲೆಯ ಜಾಗದಲ್ಲಿ ಪಿಸ್ತೂಲ್ ಸಿಕ್ಕಿತು ಎನ್ನಿ. ಅದರ ಸೀರಿಯಲ್ ನಂಬರ್ ಹಿಡಿದು ತಯಾರಕರನ್ನು, ಅವರು ಹೇಳಿದ ಸಗಟು ವ್ಯಾಪಾರಿಯನ್ನು, ಅವನು ಹೇಳಿದ ಅಂಗಡಿಯನ್ನು ಒಂದೊಂದಾಗಿ ಕೇಳಬೇಕು. ಕೊನೆಗೆ ಅಂಗಡಿಯ ಕಪಾಟಿನಲ್ಲಿರುವ 4473 ಹುಡುಕಬೇಕು. ಅಂಗಡಿ ಮುಚ್ಚಿದ್ದರೆ ಅದರ ಕಾಗದವೆಲ್ಲ ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗ್‌ನ ಫೆಡರಲ್ ಕಚೇರಿಯಲ್ಲಿ ರಟ್ಟಿನ ಪೆಟ್ಟಿಗೆಗಳಲ್ಲಿರುತ್ತದೆ. ಸ್ಕ್ಯಾನ್ ಮಾಡುತ್ತಾರೆ, ಆದರೆ ಹೆಸರು ಟೈಪ್ ಮಾಡಿ ಹುಡುಕುವಂತಿಲ್ಲ. ಸಿಬ್ಬಂದಿ ಒಂದೊಂದೇ ಪುಟದ ಚಿತ್ರ ಸರಿಸುತ್ತಾ ಕಣ್ಣಲ್ಲಿ ನೋಡಬೇಕು. ನಮ್ಮ ತಾಲ್ಲೂಕು ಕಚೇರಿಯ ಹಳೆ ಪಹಣಿ ಹುಡುಕಿದವರಿಗೆ ಇದು ಚೆನ್ನಾಗಿ ಅರ್ಥವಾದೀತು. ವ್ಯತ್ಯಾಸವೆಂದರೆ ಅಲ್ಲಿ ಹೀಗೇ ಇರಲಿ ಎಂದು ಬಯಸಿ ಇಟ್ಟದ್ದು.

ಇದನ್ನು ತಿಳಿದರೆ "ಆಸ್ಟ್ರೇಲಿಯಾ ಮಾಡಿತಲ್ಲ" ಎಂಬ ಮಾತಿಗೂ ಉತ್ತರ ಸಿಗುತ್ತದೆ. 1996ರ ಏಪ್ರಿಲ್‌ನಲ್ಲಿ ಪೋರ್ಟ್ ಆರ್ಥರ್‌ನಲ್ಲಿ 35 ಮಂದಿ ಸತ್ತ 12 ದಿನಕ್ಕೆ ಅಲ್ಲಿನ ರಾಜ್ಯಗಳೆಲ್ಲ ಒಪ್ಪಂದಕ್ಕೆ ಬಂದವು. ಸರ್ಕಾರ ಕಡ್ಡಾಯವಾಗಿ ದುಡ್ಡು ಕೊಟ್ಟು ಸುಮಾರು ಆರೂವರೆ ಲಕ್ಷ ಬಂದೂಕು ವಾಪಸ್ ಪಡೆಯಿತು. ಅಲ್ಲಿ ಸಂವಿಧಾನದ ಅಡ್ಡಿಯಿರಲಿಲ್ಲ. ಅಮೆರಿಕದ ಜನರ ಬಳಿ 2017ರ ಅಂದಾಜಿನಂತೆ ಸುಮಾರು 39 ಕೋಟಿ ಬಂದೂಕುಗಳಿದ್ದವು, ಜನಸಂಖ್ಯೆಗಿಂತ ಹೆಚ್ಚು. ಪಟ್ಟಿಯೇ ಇಲ್ಲದಾಗ ಯಾರ ಮನೆ ಬಾಗಿಲು ತಟ್ಟುವುದು?

ಅರೆಬರೆ ಬ್ಯಾನ್ ಒಂದು ಬಂದಿತ್ತು, 1994ರಲ್ಲಿ, ಹತ್ತು ವರ್ಷದ ಮಟ್ಟಿಗೆ. ಬಿಚ್ಚಿ ಹಾಕುವ ಮ್ಯಾಗಝೀನ್ (ಗುಂಡು ತುಂಬುವ ಡಬ್ಬಿ) ಇರುವ ಅರೆ-ಸ್ವಯಂಚಾಲಿತ ರೈಫಲ್‌ಗೆ ಭುಜಕ್ಕೊತ್ತುವ ಮಡಚುವ ಹಿಂಬದಿ, ಪಿಸ್ತೂಲ್ ಹಿಡಿಕೆ, ಬಯೋನೆಟ್ ಸಿಕ್ಕಿಸುವ ಗೂಟ, ಬೆಂಕಿಯ ಮಿಂಚು ಅಡಗಿಸುವ ಮೂತಿ ಮುಂತಾದ ಲಕ್ಷಣಗಳಲ್ಲಿ ಎರಡಿದ್ದರೆ ನಿಷಿದ್ಧ. ತಯಾರಕರು ಗೂಟ ಕತ್ತರಿಸಿ, ಮೂತಿ ತೆಗೆದು ಅದೇ ರೈಫಲ್ ಮಾರಿದರು. ಹತ್ತಕ್ಕಿಂತ ಹೆಚ್ಚು ಗುಂಡು ಹಿಡಿಯುವ ಹೊಸ ಮ್ಯಾಗಝೀನ್ ಮಾರುವಂತಿರಲಿಲ್ಲ, ಹಳೆಯವನ್ನು ಮಾರಬಹುದಿತ್ತು. ನನ್ನ ಪ್ರಕಾರ ಮ್ಯಾಗಝೀನ್ ಮಿತಿಯೊಂದೇ ಅದರಲ್ಲಿ ಕೆಲಸಕ್ಕೆ ಬರುವ ಭಾಗ, ಏಕೆಂದರೆ ಗುಂಡು ತುಂಬಲು ಕೊಲೆಗಾರ ನಿಂತ ಆ ಕೆಲವು ಸೆಕೆಂಡುಗಳಲ್ಲೇ ಜನ ಓಡುವುದು. 2004ರಲ್ಲಿ ಆ ಬ್ಯಾನನ್ನೇ ಮುಂದುವರಿಸದೆ ಬಿಟ್ಟರು.

ಜನರ ಪ್ರತಿಕ್ರಿಯೆಯಲ್ಲಿ ನಮ್ಮವರಿಗೆ ಅರ್ಥವಾಗದ ಇನ್ನೊಂದು ಸಂಗತಿ: ದೊಡ್ಡ ಹತ್ಯಾಕಾಂಡವಾದ ಬಳಿಕ ಬಂದೂಕು ವ್ಯಾಪಾರ ಏರುತ್ತದೆ. 2012ರ ಡಿಸೆಂಬರ್ 14ರಂದು ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು, 6 ಮಂದಿ ಸಿಬ್ಬಂದಿ ಸತ್ತರು. ಆ ತಿಂಗಳ ತಪಾಸಣೆಗಳು 27 ಲಕ್ಷ ದಾಟಿದವು, ಅಲ್ಲಿಯವರೆಗಿನ ದಾಖಲೆ. ಭಯದಿಂದ ಕೊಂಡವರೂ ಇದ್ದಾರೆ, ಕಾನೂನು ಬರುವ ಮೊದಲೇ ಕೊಂಡುಬಿಡೋಣ ಎಂದವರೂ ಇದ್ದಾರೆ. ಸತ್ತವರಿಗಾಗಿ ಮೇಣದ ಬತ್ತಿ ಹಚ್ಚುವ ವಾರವೇ ಅಂಗಡಿಯಲ್ಲಿ ಸಾಲು. ಆದರೆ 2021ರಲ್ಲಿ ಅಲ್ಲಿ ಗುಂಡಿನಿಂದ ಸತ್ತ 48 ಸಾವಿರಕ್ಕೂ ಹೆಚ್ಚು ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಆತ್ಮಹತ್ಯೆ ಮಾಡಿಕೊಂಡವರು. ಅವರಿಗಾಗಿ ಯಾರೂ ಬತ್ತಿ ಹಚ್ಚಲಿಲ್ಲ, ಟಿವಿಯಲ್ಲಿ ಚರ್ಚೆಯೂ ಇಲ್ಲ.

ಸ್ಯಾಂಡಿ ಹುಕ್ ಆಗಿ ನಾಲ್ಕು ತಿಂಗಳಿಗೆ, ಬಂದೂಕು ಮೇಳ ಮತ್ತು ಆನ್‌ಲೈನ್ ಜಾಹೀರಾತಿನ ಖಾಸಗಿ ಮಾರಾಟಕ್ಕೂ ತಪಾಸಣೆ ತರುವ ಪ್ರಸ್ತಾವ ಅಲ್ಲಿನ ಮೇಲ್ಮನೆಯಾದ ಸೆನೆಟ್‌ಗೆ ಬಂತು. ಪರ 54, ವಿರೋಧ 46. ಬಿದ್ದುಹೋಯಿತು, ಗೆಲ್ಲಲು 60 ಬೇಕಿತ್ತು. ಮತಗಳೂ ಜನಸಂಖ್ಯೆಗೆ ತಕ್ಕಂತಿಲ್ಲ. ಆರು ಲಕ್ಷ ಜನರೂ ಇಲ್ಲದ ವಯೋಮಿಂಗ್ ರಾಜ್ಯಕ್ಕೂ ಎರಡೇ ಸೆನೆಟರ್, ನಾಲ್ಕು ಕೋಟಿಯ ಹತ್ತಿರವಿರುವ ಕ್ಯಾಲಿಫೋರ್ನಿಯಾಕ್ಕೂ ಎರಡೇ.

"ಹಾಗಾದ್ರೆ ಏನೂ ಆಗೋದೇ ಇಲ್ವಾ?" ಆಗುತ್ತದೆ. 2018ರಲ್ಲಿ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಜನ ಸತ್ತ ಮೂರೇ ವಾರದಲ್ಲಿ, ಬಂದೂಕಿನ ಮೇಲಿನ ನಿರ್ಬಂಧವನ್ನು ಸಾಮಾನ್ಯವಾಗಿ ವಿರೋಧಿಸುವ ರಿಪಬ್ಲಿಕನ್ನರದೇ ಆಡಳಿತವಿದ್ದ ಫ್ಲಾರಿಡಾ ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿತು. ಅಪಾಯಕಾರಿ ಎನಿಸಿದವರಿಂದ ಕೋರ್ಟ್ ಆದೇಶದ ಮೇಲೆ ಬಂದೂಕು ತೆಗೆದಿಡುವ ಅವಕಾಶವನ್ನೂ ತಂದಿತು. 2022ರ ಮೇ ತಿಂಗಳಲ್ಲಿ ಯುವಾಲ್ಡೆಯ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಕೊಂದವನಿಗೆ 18 ವರ್ಷ. ಜೂನ್‌ನಲ್ಲೇ ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಹೊಸ ಕಾಯ್ದೆ ಮಾಡಿತು: 21 ತುಂಬದವರು ಕೊಳ್ಳಲು ಬಂದರೆ ಬಾಲಾಪರಾಧದ ದಾಖಲೆಯನ್ನೂ ನೋಡಬೇಕು, ಅನುಮಾನವಿದ್ದರೆ ಹತ್ತು ಕೆಲಸದ ದಿನಗಳವರೆಗೆ ತಡೆಯಬಹುದು. 21 ತುಂಬಿದವರ ಮೂರು ದಿನದ ಗಡುವನ್ನು ಮುಟ್ಟಲಿಲ್ಲ. ಚಾರ್ಲ್‌ಸ್ಟನ್‌ನ ಕೊಲೆಗಾರ ಪಿಸ್ತೂಲ್ ಕೊಂಡಾಗ ಅವನಿಗೆ 21 ತುಂಬಿತ್ತು.