ಕಾಳಿ ದಡದ ಹಕ್ಕಿಗಳು: ಗಡಿಯಾರಕ್ಕಿಂತ ಮೊದಲು ತಿಥಿ ನೋಡಿ

ಕಾರವಾರದಲ್ಲಿ ಹಕ್ಕಿ ನೋಡಲು ಹೊರಡುವವರು ಸಾಮಾನ್ಯವಾಗಿ ಬೆಳಿಗ್ಗೆ ಆರಕ್ಕೇ ಕಾಳಿ ನದಿ ದಡದ ಕೋಡಿಬಾಗ ಮುಟ್ಟುತ್ತಾರೆ. ಕಾಡಿನ ಹಕ್ಕಿಗಾದರೆ ಅದು ಸರಿಯಾದ ಹೊತ್ತು. ನದಿ ಕಡಲು ಸೇರುವ ಅಳಿವೆಯಲ್ಲಿ ಮಾತ್ರ ಬೆಳಗಿಗಿಂತ ಭರತ-ಇಳಿತದ್ದೇ ಕಾರುಬಾರು. ಭರತ ತುಂಬಿದಾಗ ಕೆಸರೆಲ್ಲ ನೀರಿನಡಿ ಇರುತ್ತದೆ. ಹುಳ, ಏಡಿಮರಿ ಹೆಕ್ಕುವ ಗೊರವಗಳು (ವೇಡರ್ ಹಕ್ಕಿಗಳು) ಆಗ ಎಲ್ಲೋ ಒಂದು ಕಡೆ ಗುಂಪಾಗಿ ಕೂತಿರುತ್ತವೆ. "ಕಾಳಿಯಲ್ಲಿ ಬೆಳ್ಳಕ್ಕಿ ಬಿಟ್ಟರೆ ಏನೂ ಇಲ್ಲ" ಎನ್ನುವವರು ಹೆಚ್ಚಾಗಿ ಇಂಥ ಹೊತ್ತಿಗೇ ಹೋಗಿ ಬಂದವರು.

ಲೆಕ್ಕ ಸುಲಭ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ. ಹುಣ್ಣಿಮೆ, ಅಮಾವಾಸ್ಯೆಗೆ ಕಾರವಾರದಲ್ಲಿ ಭರತ ಬರುವುದು ಬೆಳಿಗ್ಗೆ 11ರ ಆಸುಪಾಸು, ಇಳಿತ ಬೆಳಗಿನ ಜಾವ ಐದರ ಸುಮಾರಿಗೆ. ಅಂದರೆ ಏಳೂವರೆಯಿಂದ ಒಂಬತ್ತೂವರೆವರೆಗೆ ನೀರು ಏರುತ್ತಿರುತ್ತದೆ. ನನ್ನ ಪ್ರಕಾರ ಇಡೀ ಪಕ್ಷದಲ್ಲಿ ಇದಕ್ಕಿಂತ ಒಳ್ಳೆಯ ಬೆಳಗಿಲ್ಲ. ಪೂರ್ತಿ ಇಳಿತದಲ್ಲಿ ಹಕ್ಕಿಗಳು ದೂರದ ನೀರಂಚಿಗೆ ಚದುರಿರುತ್ತವೆ. ನೀರು ಏರುವಾಗ ಅದೇ ಅವುಗಳನ್ನು ದಡದತ್ತ, ನಮ್ಮತ್ತ ತಳ್ಳಿಕೊಂಡು ಬರುತ್ತದೆ. ಅಷ್ಟಮಿಗೆ ಲೆಕ್ಕ ತಿರುವುಮುರುವು: ನಸುಕಿಗೆ ಭರತ, ಮಧ್ಯಾಹ್ನದ ಹೊತ್ತಿಗೆ ಇಳಿತ. ಆಗ ಎಂಟೂವರೆಗೆ ಹೊರಟರೆ ಸಾಕು. ಏಕಾದಶಿಯ ಸುತ್ತಮುತ್ತ ಬೆಳಿಗ್ಗೆ ಏಳೆಂಟಕ್ಕೆ ನೀರು ತುಂಬಿರುತ್ತದೆ, ಆ ದಿನಗಳಲ್ಲಿ ಸಂಜೆಯೇ ವಾಸಿ. ಅಷ್ಟಮಿ ಹತ್ತಿರವಾದಂತೆ ಈ ಅಂದಾಜು ಹೆಚ್ಚು ತಪ್ಪುತ್ತದೆ, ಹಾಗಾಗಿ ಮೊಬೈಲಿನಲ್ಲಿ ಕಾರವಾರ ಬಂದರಿನ ಭರತ-ಇಳಿತದ ಸಮಯ ನೋಡಿಕೊಳ್ಳಿ. ನದಿಯಲ್ಲಿ ಒಳಗೆ ಹೋದಷ್ಟೂ ಭರತ ತಡವಾಗಿ ಮುಟ್ಟುತ್ತದೆ ಎಂಬುದೂ ನೆನಪಿರಲಿ.

ನಿಲ್ಲುವ ಜಾಗ ಆರಿಸುವಾಗ ಬಿಸಿಲು ನೋಡಿ. ನವೆಂಬರಿನಿಂದ ಫೆಬ್ರವರಿವರೆಗೆ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಕೋಡಿಬಾಗ, ಸುಂಕೇರಿ ಬದಿಯಲ್ಲಿ ನಿಂತು ಉತ್ತರಕ್ಕೆ ಮುಖ ಮಾಡಿದರೆ ಬೆಳಕು ಬೆನ್ನಿಗಿರುತ್ತದೆ, ಕಾಲಿನ ಬಣ್ಣವೂ ಕಾಣುತ್ತದೆ. ಸದಾಶಿವಗಡದ ದಡದಿಂದ ಅದೇ ಹಕ್ಕಿ ಬರೀ ಕಪ್ಪು ನೆರಳು. ಸೈಕಲ್ಲಿನವರಿಗೆ ಸುಂಕೇರಿಯಿಂದ ಕಡವಾಡದ ಕಡೆ ಹೋಗುವ ರಸ್ತೆ ಹೇಳಿ ಮಾಡಿಸಿದ್ದು. ಹೆದ್ದಾರಿ ಸೇತುವೆಯ ಮೇಲೆ ಮಾತ್ರ ಯಾವ ಹಕ್ಕಿ ಕಂಡರೂ ನಿಲ್ಲಬೇಡಿ. ಲಾರಿ ಹಾದಾಗ ದುರ್ಬೀನು ಹಿಡಿದವನ ಗಮನ ರಸ್ತೆ ಮೇಲಿರುವುದಿಲ್ಲ. ಕಡಲ ತೀರದಲ್ಲಿ ಬೆಳಿಗ್ಗೆ ಹೋದರೆ ಬೆಳಕು ನಮ್ಮ ಬೆನ್ನಿಗಿರುತ್ತದೆ. ರಂಪಣಿ ಬಲೆ ಎಳೆಯುವಲ್ಲಿ, ಬೈತಖೋಲ ಬಂದರಿನಲ್ಲಿ ಗರುಡಗಳು, ಚಳಿಗಾಲವಾದರೆ ಗಲ್ ಎಂಬ ಕಡಲ ಹಕ್ಕಿಗಳೂ ಸೇರುತ್ತವೆ.

ಇನ್ನು ಗುರುತಿಸುವುದು. ಹೊಸಬರು ಎಡವುವುದು ಸಣ್ಣ ಕಂದು ಹಕ್ಕಿಗಳಲ್ಲೇ. ನಾಲ್ಕು ಹೆಜ್ಜೆ ಓಡಿ, ಗಕ್ಕನೆ ನಿಂತು, ಕುಕ್ಕಿ, ಮತ್ತೆ ಓಡುವುದು ಪ್ಲವರ್. ಕತ್ತಿನ ಹಿಂದೆ ಬಿಳಿ ಪಟ್ಟಿ ಇದ್ದರೆ ಹೆಚ್ಚಾಗಿ ಕೆಂಟಿಶ್ ಪ್ಲವರ್, ಇಲ್ಲದಿದ್ದರೆ ಸ್ಯಾಂಡ್ ಪ್ಲವರ್ ಇರಬೇಕು. ಬಿಡದೆ ಬಾಲ ಕುಣಿಸುತ್ತ ಅಂಚಿನಲ್ಲೇ ನಡೆಯುವುದು ಕಾಮನ್ ಸ್ಯಾಂಡ್‌ಪೈಪರ್. ಭುಜದ ಮುಂದೆ ಹೊಟ್ಟೆಯ ಬಿಳಿ ಮೇಲಕ್ಕೆ ಚಾಚಿರುತ್ತದೆ. ರೆಡ್‌ಶ್ಯಾಂಕಿನ ಕೆಂಪು ಕಾಲು ಕೆಸರು ಮೆತ್ತಿ ಕಾಣದೇ ಹೋಗಬಹುದು. ಆಗ ಅದು ಹಾರುವವರೆಗೆ ಕಾಯಿರಿ: ರೆಕ್ಕೆಯ ಹಿಂಬದಿಯ ಅಂಚಿನಲ್ಲಿ ಅಗಲ ಬಿಳಿ ಪಟ್ಟೆ ಕಂಡರೆ ಸಂಶಯವೇ ಬೇಡ. ಗ್ರೀನ್‌ಶ್ಯಾಂಕಿಗೆ ರೆಕ್ಕೆಯಲ್ಲಿ ಬಿಳಿ ಇಲ್ಲ, ಬೆನ್ನ ಮೇಲಿದೆ. ತುಸು ಮೇಲಕ್ಕೆ ಬಾಗಿದ ಕೊಕ್ಕು, ಗಿಡ್ಡ ಹಳದಿ ಕಾಲು, ಏಡಿಯ ಹಿಂದೆ ಹುಚ್ಚು ಓಟ ಇದ್ದರೆ ಟೆರೆಕ್ ಸ್ಯಾಂಡ್‌ಪೈಪರ್. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಅಂಚಿನಲ್ಲಿ ಕಪ್ಪು ತಲೆಯ ಮಿಂಚುಳ್ಳಿಯನ್ನೂ ಹುಡುಕಿ.

ದುರ್ಬೀನು 8x42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಲೆನ್ಸಿನದು) ಸಾಕು. ಕಡಲ ಗಾಳಿಯಲ್ಲಿ 10x ಕೈಯಲ್ಲಿ ನಡುಗುತ್ತದೆ. ಬಿಸಿಲೇರಿದ ಮೇಲೆ ಕೆಸರಿನ ಮೇಲಿನ ಕಾವಿಗೆ ದೂರದ ಚಿತ್ರ ಅಲುಗುತ್ತದೆ. ಅದು ಲೆನ್ಸಿನ ದೋಷವಲ್ಲ. ಮನೆಗೆ ಬಂದೊಡನೆ ಲೆನ್ಸ್ ಒಣ ಬಟ್ಟೆಯಲ್ಲಿ ಉಜ್ಜಬೇಡಿ. ಹೊಯಿಗೆಯ ಕಣ ಗೀರುತ್ತದೆ. ಮೊದಲು ಊದಿ ತೆಗೆದು, ಆಮೇಲೆ ಲೆನ್ಸಿಗೆ ಅಂಟಿದ ಉಪ್ಪನ್ನು ಒದ್ದೆ ಬಟ್ಟೆಯಿಂದ ನೆನೆಸಿ ಒರೆಸಿ.

ಭರತದಲ್ಲಿ ಗುಂಪಾಗಿ ಕೂತ ಹಕ್ಕಿಗಳ ಹತ್ತಿರ ದಯವಿಟ್ಟು ಹೋಗಬೇಡಿ. ಅವು ಮುಂದಿನ ಇಳಿತದವರೆಗೆ ಶಕ್ತಿ ಉಳಿಸಿಕೊಳ್ಳುತ್ತಿರುತ್ತವೆ. ಹಾರುವ ಫೋಟೋಕ್ಕಾಗಿ ಎಬ್ಬಿಸುವುದು ತಿಂದದ್ದನ್ನು ಕಸಿದುಕೊಂಡ ಹಾಗೆ. ತಲೆ ಎತ್ತಿ ನೋಡಿದವೆಂದರೆ ಅಲ್ಲಿಗೇ ನಿಲ್ಲಿ. ಮಾರ್ಚ್, ಏಪ್ರಿಲ್‌ನಲ್ಲಿ ಇನ್ನೂ ಜಾಗ್ರತೆ ಬೇಕು, ಉತ್ತರಕ್ಕೆ ಸಾವಿರಾರು ಕಿಲೋಮೀಟರ್ ಹಾರಲು ಮೈ ತುಂಬಿಕೊಳ್ಳುವ ಕಾಲ ಅದು.

ಜೂನ್ ಬಂತೆಂದರೆ ಗೊರವಗಳು ವಿರಳ. ಆದರೆ ಬಿರುಗಾಳಿಗೆ ಸಿಕ್ಕ ನಡುಗಡಲ ಹಕ್ಕಿಗಳು ಸುಸ್ತಾಗಿ ತೀರಕ್ಕೆ ಬೀಳುವುದುಂಟು. ಕಂಡರೆ ಮತ್ತೆ ನೀರಿಗೆ ದಬ್ಬಬೇಡಿ, ಕೊಕ್ಕಿಗೆ ನೀರು ಹೊಯ್ಯಬೇಡಿ. ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಒಣ ಬಟ್ಟೆ ಹಾಸಿ ಕತ್ತಲಲ್ಲಿಟ್ಟು, ನಾಯಿಗಳಿಂದ ದೂರ ಮಾಡಿ, ಅರಣ್ಯ ಇಲಾಖೆಗೆ ತಿಳಿಸಿ.