ಕಲ್ಲು ಕೊರೆದು ಬಾಳಿದವರ ಸೀಮೆಯಲ್ಲಿ

ನಾನು ಅಂಕಾರಾದಲ್ಲಿ ಇದ್ದೇನೆಂದು ತಿಳಿದ ಕೂಡಲೇ ಸಾಗರದ ಕಡೆಯ ನೆಂಟರೆಲ್ಲ ಬಲೂನಿನ ಬಗ್ಗೆ ಕೇಳುತ್ತಾರೆ. ಟರ್ಕಿಯ ಕಪಡೋಕಿಯಾದ ಚಿತ್ರ ಅವರ ಮೊಬೈಲಿಗೂ ಬಂದಿರುತ್ತದೆ: ಬೆಳಗಿನ ಜಾವ, ಮೊನಚು ಕಲ್ಲುಗಳ ಮೇಲೆ ತೇಲುವ ಬಣ್ಣದ ಬಲೂನುಗಳು. ಅದು ಚೆಂದವೇ. ಆದರೆ ನಮ್ಮ ಕಡೆಯವರು ಬಂದರೆ ನಾನು ಮೊದಲು ತೋರಿಸುವುದು ಬಲೂನಿನ ಕೆಳಗಿರುವ ಮನೆಗಳನ್ನು.

ಅಂಕಾರಾದಿಂದ ಕಪಡೋಕಿಯಾದ ಗೊರೆಮೆ ಎಂಬ ಊರಿಗೆ ಸುಮಾರು 300 ಕಿಲೋಮೀಟರ್. ದಾರಿಯುದ್ದಕ್ಕೂ ಬೋಳು ಬಯಲು, ಗೋಧಿ ಹೊಲ. ಮರಕ್ಕಾಗಿ ಕಣ್ಣು ಹಂಬಲಿಸುತ್ತಿರುವಾಗಲೇ ನೆಲ ಒಮ್ಮೆಲೇ ಕುಸಿದು ಕಣಿವೆಯಾಗುತ್ತದೆ, ಕಣಿವೆಯ ತುಂಬ ಕಲ್ಲಿನ ಶಂಕುಗಳು. ಕೆಲವಕ್ಕೆ ತಲೆಯ ಮೇಲೆ ಕಪ್ಪು ಬಂಡೆಯ ಟೋಪಿ. ಲಕ್ಷಾಂತರ ವರ್ಷಗಳ ಕಾಲ ಎರ್ಜಿಯೆಸ್, ಹಸನ್ ಮುಂತಾದ ಜ್ವಾಲಾಮುಖಿಗಳು ಉಗುಳಿದ ಬೂದಿ ಪದರ ಪದರವಾಗಿ ಕೂತು ಕಲ್ಲಾಯಿತು. ಮೇಲಿನ ಪದರ ಗಟ್ಟಿ, ಕೆಳಗಿನದು ಮೆದು. ಮಳೆ, ಗಾಳಿ, ಹಿಮ ಸೇರಿ ಮೆದುವಾದದ್ದನ್ನು ಸವೆಸಿದವು. ಗಟ್ಟಿ ಬಂಡೆ ಕೊಡೆಯಾಗಿ ನಿಂತ ಕಡೆ ಮಾತ್ರ ಕಂಬ ಉಳಿಯಿತು. ಆ ಟೋಪಿ ಬಿದ್ದುಹೋದರೆ ಕೆಳಗಿನ ಕಂಬವೂ ಬೇಗ ಕರಗುತ್ತದೆ.

ಈ ಕಲ್ಲಿನ ಗುಣವನ್ನು ಮಲೆನಾಡಿನವರಿಗೆ ಹೆಚ್ಚು ವಿವರಿಸಬೇಕಿಲ್ಲ. ನಮ್ಮ ಜಂಬಿಟ್ಟಿಗೆಯೂ ನೆಲದಲ್ಲಿರುವಾಗ ಮೆದು, ಕಡಿದು ಗಾಳಿಗೆ ಬಿಟ್ಟ ಮೇಲೆ ಗಟ್ಟಿ. ಇಲ್ಲಿಯದೂ ಹಾಗೆಯೇ. ನಾವು ಕಲ್ಲನ್ನು ಕಡಿದು ತಂದು ಗೋಡೆ ಕಟ್ಟಿದೆವು. ಇವರು ಕಲ್ಲನ್ನು ಇದ್ದಲ್ಲೇ ಬಿಟ್ಟು ಒಳಗೆ ಕೋಣೆ ಕಡಿದರು. ಮನೆ ಸಾಲದಾದರೆ ಇನ್ನೊಂದು ಗೋಡೆಯನ್ನು ಕೊರೆಯುವುದು, ಅಷ್ಟೇ.

ಚಿತ್ರಗಳನ್ನು ಕಳುಹಿಸಿದಾಗ ಅಮ್ಮ ಕೇಳಿದ್ದು ಒಂದೇ ಮಾತು: "ಮಳೆಗಾಲದಲ್ಲಿ ಗೋಡೆ ಒಸರುವುದಿಲ್ಲವೇನೇ? ನೆಲದಲ್ಲಿ ಜಲ ಏಳುವುದಿಲ್ಲವೇ?" ನನ್ನ ಮಟ್ಟಿಗೆ ಕಪಡೋಕಿಯಾದ ಗುಟ್ಟೆಲ್ಲ ಈ ಪ್ರಶ್ನೆಯಲ್ಲಿದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಇಲ್ಲಿ 400ರ ಆಸುಪಾಸು. ಅದರಲ್ಲಿಯೂ ಒಂದು ಪಾಲು ಹಿಮ. ಮಳೆಯೇ ನಮಗೆ ಇಳಿಜಾರು ಸೂರನ್ನೂ ಉದ್ದನೆಯ ಜಗಲಿಯನ್ನೂ ಕಲಿಸಿತು. ಮಳೆಯಿಲ್ಲದ್ದು ಮತ್ತು ಮರವಿಲ್ಲದ್ದು ಇವರಿಗೆ ಗುಹೆಯನ್ನು ಕಲಿಸಿತು. ಬೇಸಿಗೆಯ ಸುಡು ಬಿಸಿಲಿನಲ್ಲಿ ಒಳಗೆ ಕಾಲಿಟ್ಟರೆ ತಂಪು, ಹೊರಗೆ ಹಿಮ ಬೀಳುವಾಗ ಬೆಚ್ಚಗೆ. ಒರ್ತಾಹಿಸಾರ್ ಎಂಬ ಊರಿನ ಗುಹೆಗಳಲ್ಲಿ ಇಂದಿಗೂ ಮೆಡಿಟರೇನಿಯನ್ ತೀರದ ನಿಂಬೆಹಣ್ಣನ್ನು ತಂದು ದಾಸ್ತಾನು ಮಾಡುತ್ತಾರೆ.

ಅಂಥ ಒಂದು ಹಳೆಯ ಮನೆಯೊಳಗೆ ನಾನು ಬಹಳ ಹೊತ್ತು ಕೂತಿದ್ದೆ. ಗೋಡೆಯ ತುಂಬ ಪಿಕಾಸಿಯ ಗೆರೆಗಳು, ಎಲ್ಲವೂ ಒಂದೇ ಓರೆಗೆ. ಕಡಿದವನು ಯಾವ ಕೈಯವನೆಂದು ಊಹಿಸಬಹುದೇನೋ ಎನ್ನುವಷ್ಟು ಸ್ಪಷ್ಟ. ಬೆರಳಾಡಿಸಿದರೆ ಮರಳಿನಂಥ ಪುಡಿ ಅಂಟುತ್ತದೆ. ನೆಲದ ನಡುವೆ ಒಲೆಯ ಗುಂಡಿ, ಅದಕ್ಕೆ ಗಾಳಿ ಹೋಗಲು ಓರೆಯಾಗಿ ಕೊರೆದ ತೂತು. ಮೇಲೆ ನೋಡಿದರೆ ಚಾವಣಿಯಲ್ಲಿ ದಟ್ಟವಾದ ಹೊಗೆಮಸಿ. ಗೋಡೆಯಲ್ಲಿ ದೀಪದ ಗೂಡು, ಪಕ್ಕದಲ್ಲಿ ಪಾತ್ರೆಯ ಗೂಡು. ಗೊರೆಮೆಯ ಕತ್ತಲ ಚರ್ಚಿನಲ್ಲಿ, ಬೆಳಕು ಹೆಚ್ಚು ಬೀಳದೆ ಬಣ್ಣ ಮಾಸದೆ ಉಳಿದಿರುವ ಭಿತ್ತಿಚಿತ್ರಗಳು ಅದ್ಭುತವೇ. ಆದರೂ ನನಗೆ ಆ ಅಡುಗೆಮನೆಯ ಮಸಿಯೇ ಹೆಚ್ಚು.

ಅಪ್ಪನಿಗೆ ಹಿಡಿಸಿದ್ದು ಪಾರಿವಾಳದ ಗೂಡುಗಳು. ಉಚ್‌ಹಿಸಾರ್ ಸುತ್ತಿನ ಬಂಡೆಗಳ ಮೇಲ್ಭಾಗದಲ್ಲಿ ಸಾಲು ಸಾಲು ಸಣ್ಣ ಕಿಂಡಿಗಳಿವೆ. ಒಳಗೆ ಪಾರಿವಾಳ ಕೂರಲು ಗೂಡು. ರೈತರು ವರ್ಷಕ್ಕೊಮ್ಮೆ ಬಾಗಿಲು ಒಡೆದು ಹಿಕ್ಕೆ ಬಾಚಿ ದ್ರಾಕ್ಷಿ ತೋಟಕ್ಕೆ ಹಾಕುತ್ತಿದ್ದರು. ಬೂದಿಯ ಬಡ ಮಣ್ಣಿನಲ್ಲಿ ಬಳ್ಳಿ ಹಣ್ಣು ಬಿಟ್ಟದ್ದು ಆ ಗೊಬ್ಬರದಿಂದ. ಸೊಪ್ಪಿನ ಬೆಟ್ಟದಿಂದ ಹೊರೆ ಹೊತ್ತು ಅಡಿಕೆ ತೋಟ ಸಾಕಿದ ಅಪ್ಪ ಫೋನಿನಲ್ಲಿಯೇ ಎಷ್ಟು ಮರಕ್ಕೆ ಎಷ್ಟು ಗೊಬ್ಬರ ಎಂದು ಲೆಕ್ಕ ಶುರು ಮಾಡಿದರು.

ದೆರಿಂಕುಯು ಇನ್ನೊಂದು ಬಗೆ. ಅದು ನೆಲದಡಿಯ ಪಟ್ಟಣ, ಸುಮಾರು 85 ಮೀಟರ್ ಆಳ. 1963ರಲ್ಲಿ ಒಬ್ಬರ ಮನೆಯ ಗೋಡೆ ತೆಗೆಯುವಾಗ ದಾರಿ ಕಂಡಿತು ಎನ್ನುತ್ತಾರೆ. ಬೆನ್ನು ಬಗ್ಗಿಸಿಯೇ ನಡೆಯಬೇಕಾದ ಸುರಂಗ, ದನದ ಕೊಟ್ಟಿಗೆ, ದ್ರಾಕ್ಷಿ ಹಿಂಡುವ ತೊಟ್ಟಿ, ಗಾಳಿಗೆಂದು ಕೊರೆದ ಬಾವಿ. ಬಾಗಿಲಿಗೆ ಗಾಣದ ಗಾಲಿಯಂಥ ದುಂಡುಕಲ್ಲು; ಒಳಗಿನವರು ಮಾತ್ರ ಉರುಳಿಸಬಲ್ಲರು. ದಂಡು ಬಂದಾಗಲೆಲ್ಲ ಜನ ದನಕರು ಸಮೇತ ಇಲ್ಲಿ ಇಳಿದು ಜೀವ ಉಳಿಸಿಕೊಂಡರು.

ನನ್ನನ್ನು ಬಿಡದೆ ಕಾಡುವುದು ಜೆಲ್ವೆ. ಒಂದೇ ಊರಿನಲ್ಲಿ ಚರ್ಚು, ಮಸೀದಿ, ಬೀಸುವ ಕಲ್ಲಿನ ಗಿರಣಿ, ಎಲ್ಲವೂ ಬಂಡೆಯೊಳಗೆ. 1923ರ ಒಪ್ಪಂದದಂತೆ ಗ್ರೀಸ್ ಮತ್ತು ಟರ್ಕಿ ಜನರನ್ನು ಅದಲುಬದಲು ಮಾಡಿಕೊಂಡಾಗ ಈ ಸೀಮೆಯ ಕ್ರೈಸ್ತರು ಹೊರಟುಹೋದರು. ಅವರಲ್ಲಿ ಎಷ್ಟೋ ಜನರ ಮನೆಮಾತು ಟರ್ಕಿಶ್ಶೇ ಆಗಿತ್ತು; ಹೋದ ನಾಡಿನ ಭಾಷೆ ಬರುತ್ತಿರಲಿಲ್ಲ. ಉಳಿದವರನ್ನು 1952ರಲ್ಲಿ ಸರ್ಕಾರ ಎಬ್ಬಿಸಿತು. ಬಂಡೆ ಸವೆದು ಕುಸಿಯುತ್ತಿತ್ತು, ಇರುವುದು ಅಪಾಯವಾಗಿತ್ತು. ಸ್ವಲ್ಪ ದೂರದಲ್ಲಿ ಹೊಸ ಊರು ಕಟ್ಟಿಕೊಟ್ಟರು.

ನಮ್ಮ ಅಜ್ಜ ಲಿಂಗನಮಕ್ಕಿಯ ಮುಳುಗಡೆಯವರು. 1964ರಲ್ಲಿ ಅಣೆಕಟ್ಟು ನಿಂತಿತು, ಶರಾವತಿಯ ಹಿನ್ನೀರು ಮನೆ, ಗದ್ದೆ, ತೋಟಗಳನ್ನು ನುಂಗಿತು. ಲಾರಿಯಲ್ಲಿ ತಂದು ಇಳಿಸಿದ ಜಾಗದ ಹಕ್ಕುಪತ್ರಕ್ಕೆ ಎಷ್ಟೋ ಕುಟುಂಬಗಳು ಇನ್ನೂ ಅಲೆಯುತ್ತಿವೆ. ನಾಡಿಗೆಲ್ಲ ಬೆಳಕು ಕೊಟ್ಟವರಿಗೆ ಇದು ಆಗಬಾರದಿತ್ತು. ಜೆಲ್ವೆಯನ್ನು ಬಯಲು ವಸ್ತುಸಂಗ್ರಹಾಲಯವಾಗಿ ಉಳಿಸಿಕೊಂಡಿದ್ದಾರೆ. ಇಲ್ಲಿ ಗಿರಣಿ, ಇಲ್ಲಿ ಮಸೀದಿ ಎಂದು ಫಲಕಗಳಿವೆ; ಮೊಮ್ಮಕ್ಕಳು ಬಂದು ನೋಡಬಹುದು. ನಮ್ಮವರ ಊರನ್ನು ನೋಡಲು ಕಡುಬೇಸಿಗೆಯಲ್ಲಿ ನೀರು ಇಳಿಯಬೇಕು, ಆಗಲೂ ಕಾಣುವುದು ಬುನಾದಿ ಮತ್ತು ಬೊಡ್ಡೆ.

ಆದ್ದರಿಂದ ಒಂದು ಕೋರಿಕೆ. ಮುಳುಗಡೆ ಕಂಡ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಯಾವ ಮನೆ ಎಲ್ಲಿತ್ತು, ಯಾವ ಗದ್ದೆಗೆ ಏನು ಹೆಸರು, ಹೊಳೆಗೆ ಯಾವ ದಾರಿಯಲ್ಲಿ ಇಳಿಯುತ್ತಿದ್ದರು ಎಂದು ಕೇಳಿ ನಕ್ಷೆ ಬರೆದಿಡಿ. ನಾನು ಭಾನುವಾರಗಳಂದು ಅಜ್ಜಿಗೆ ಫೋನು ಮಾಡಿ ಬರೆಯಲು ತೊಡಗಿದ್ದೇನೆ. ಅವರಿಗೆ ಕೆಳಕೇರಿಯ ಮನೆಗಳ ಸಾಲು ಸರಿಯಾಗಿ ನೆನಪಾಗುತ್ತಿಲ್ಲ. ಆ ಕಡೆಯವರು ಯಾರಾದರೂ ಓದುತ್ತಿದ್ದರೆ ದಯವಿಟ್ಟು ತಿಳಿಸಿ.